ನೆರಳು ಹೊಲಿದವಳ ಕೊನೆಯ ಒಂಬತ್ತು ಹಾಳೆ

‘ನೆರಳು ಹೊಲಿದವಳು’ ಕಾದಂಬರಿಯ ಕೊನೆಯ ಅಧ್ಯಾಯವನ್ನು ಶರಣಮ್ಮನವರು ಬರೆದಿಲ್ಲ. ಬರೆದವನು ನಾನು. ಅವರು ಬರೆದ ಕೊನೆಯ ಅಧ್ಯಾಯ ಒಂಬತ್ತು ಹಾಳೆಗಳಲ್ಲಿ, ನನ್ನ ಟ್ರಂಕಿನ ತಳದಲ್ಲಿ, ಏಳು ವರ್ಷಗಳಿಂದ ಇದೆ. ಅದನ್ನು ಗೆದ್ದಲು ತಿಂದಿತು ಎಂದು ನಾನು ಹೇಳಿದ್ದು ಸುಳ್ಳು.

ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದಕ್ಕೆ ಕಾರಣವಿದೆ. ನಾನು ಮಾತಿನಲ್ಲಿ ಜಾಣ. ತಡಮಾಡಿದರೆ ಹತ್ತು ಪುಟ ಸುತ್ತಿಬಳಸಿ, ಕೊನೆಗೆ ನಾನೇ ಒಳ್ಳೆಯವನೆಂದು ನಿಮ್ಮಿಂದ ಒಪ್ಪಿಸಿಕೊಂಡು ಎದ್ದುಬಿಡುತ್ತೇನೆ. ಲಿಂಗಸುಗೂರಿನ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವರನ್ನು ಕೇಳಿ, ಹೌದೆನ್ನುತ್ತಾರೆ.

ಹೋದ ತಿಂಗಳು ರಾಯಚೂರಿನಿಂದ ಒಂದು ಪತ್ರ ಬಂತು. ಪುಸ್ತಕ ಅಚ್ಚು ಹಾಕಿಸುವವರೊಬ್ಬರು ಬರೆದಿದ್ದರು. ಕೈಯಿಂದ ಕೈಗೆ ಹೋಗುತ್ತಿದ್ದ ಈ ಕಾದಂಬರಿಯ ಪ್ರತಿ ಸಿಂಧನೂರಿನಲ್ಲಿ ಅವರಿಗೆ ಸಿಕ್ಕಿತಂತೆ, ಒಂದೇ ಗುಕ್ಕಿಗೆ ಓದಿ ಮುಗಿಸಿದರಂತೆ. ನೀವೇ ಇದನ್ನು ಕನ್ನಡ ಅಕ್ಷರಕ್ಕೆ ತಂದವರಂತೆ, ಗುಣ ದೋಷ ಎರಡನ್ನೂ ತೂಗಿ ಮುನ್ನುಡಿ ಬರೆದುಕೊಡಿ ಎಂದು ಕೇಳಿದ್ದರು. ಕೆಳಗೆ ಇನ್ನೊಂದು ಸಾಲಿತ್ತು: ‘ಎಲ್ಲ ಹೊಸದಾಗಿದೆ, ಕೊನೆ ಮಾತ್ರ ಸಪ್ಪೆ. ಇಂಥವರು ಹೀಗೇಕೆ ಮುಗಿಸಿದರೋ ತಿಳಿಯದು.’ ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ — ಇಡೀ ಕಾದಂಬರಿಯಲ್ಲಿ ಒಬ್ಬ ಒಳ್ಳೆಯ ಓದುಗನಿಗೆ ಹಿಡಿಸದ ಒಂದೇ ಭಾಗ ನನ್ನದು.

ಮುನ್ನುಡಿ ಕೇಳಿದ್ದಾರೆ, ಬರೆಯುತ್ತೇನೆ. ಗುಣ ದೋಷ ಹೇಳುವುದರಲ್ಲಿ ನನಗೆ ಇವತ್ತಿಗೂ ಅಳುಕಿಲ್ಲ.

ಇದು ಅಜ್ಜಿಕಥೆಯ ಬಟ್ಟೆಯಲ್ಲಿ ಹೊಲಿದ ಪ್ರೇಮಕಥೆ. ಒಬ್ಬ ರಾಜಕುಮಾರನ ನೆರಳನ್ನು ಗುಡ್ಡದ ರಾಕ್ಷಸಿ ಕದ್ದಿದ್ದಾಳೆ. ನೆರಳಿಲ್ಲದ್ದರಿಂದ ಅವನು ಬಿಸಿಲಿಗೆ ಬಂದರೆ ಕಾಣದಂತಾಗುತ್ತಾನೆ. ಕೌದಿ ಹೊಲಿಯುವ ನಿಂಗಿ ಎಂಬ ಹುಡುಗಿ ಏಳೂರು ತಿರುಗಿ, ಹೆಂಗಸರಿಂದ ಹಳೆಯ ಸೀರೆಯ ಚೂರು ಬೇಡಿ ತಂದು, ಅವನಿಗೊಂದು ನೆರಳು ಹೊಲಿಯುತ್ತಾಳೆ. ಪ್ರತಿ ಚೂರಿನ ಜೊತೆ ಕೊಟ್ಟವಳ ಕಥೆಯೂ ಬರುತ್ತದೆ. ಇದೇ ಪುಸ್ತಕದ ದೊಡ್ಡ ಗುಣ. ಪ್ರೀತಿ ಇಲ್ಲಿ ಮಾತಿನಲ್ಲಿಲ್ಲ, ಕೈಕೆಲಸದಲ್ಲಿದೆ. ಅವಳು ನೆರಳಿನ ಅಂಚನ್ನು ಅವನ ಹಿಮ್ಮಡಿಗೆ ಸೇರಿಸಿ ಹೊಲಿಯುವಾಗ, “ಸೂಜಿ ಚುಚ್ಚಾಕತ್ತೈತೇನು?” ಎಂದು ಕೇಳುತ್ತಾಳೆ. ಅವನು ಇಲ್ಲ ಅನ್ನುತ್ತಾನೆ, ಅವನ ಕಾಲು ನಡುಗುತ್ತದೆ. ಅಷ್ಟೇ. ನಾನು ಓದಿದ ಯಾವ ಶೃಂಗಾರವೂ ಇದರ ಹತ್ತಿರ ಬರುವುದಿಲ್ಲ.

ದೋಷ? ಬೇಕಾದಷ್ಟಿವೆ. ಮೂರನೆಯ ಅಧ್ಯಾಯದಲ್ಲಿ ಅಷ್ಟು ಆರ್ಭಟ ಮಾಡಿದ ರಾಕ್ಷಸಿಯನ್ನು ಆರನೆಯದರಲ್ಲಿ ಲೇಖಕಿ ಮರೆತೇಬಿಟ್ಟಿದ್ದಾರೆ. ಏಳೂರುಗಳಲ್ಲಿ ಮೂರು ಒಂದೇ ಥರ. ಕಥೆ ಸಿಕ್ಕಿಕೊಂಡಾಗಲೆಲ್ಲ ಒಂದು ಗಿಳಿ ಬಂದು ದಾರಿ ಹೇಳುತ್ತದೆ. ಆ ಗಿಳಿಯ ಕತ್ತು ಹಿಚುಕಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ಎಲ್ಲಕ್ಕಿಂತ ದೊಡ್ಡ ದೋಷ ಆ ರಾಜಕುಮಾರ. ಚೆಲುವ, ಅಷ್ಟೇ. ಕುಳಿತಿರುತ್ತಾನೆ, ಕಣ್ಣೀರು ಹಾಕುತ್ತಾನೆ, ಅವಳು ಹೊಲಿಯುತ್ತಾಳೆ. ಇಡೀ ಕಾದಂಬರಿಯಲ್ಲಿ ಅವನು ಅತ್ತಲ ಕಡ್ಡಿಯನ್ನು ಎತ್ತಿ ಇತ್ತ ಇಡುವುದಿಲ್ಲ.

ಈ ಕೊನೆಯ ದೋಷದ ಬಗ್ಗೆ — ಇರಲಿ, ಅಲ್ಲಿಗೇ ಬರುತ್ತೇನೆ.

ಶರಣಮ್ಮನವರ ತಂದೆ ವೀರಭದ್ರಪ್ಪನವರು ಮಸ್ಕಿಯಲ್ಲಿ ಅರ್ಜಿ ಬರೆಯುವವರು. ನಿಜಾಮರ ಕಾಲದ ಕಚೇರಿಯೆಲ್ಲ ಉರ್ದು. ಅವರಿಗೆ ಬರುತ್ತಿದ್ದ ಅಕ್ಷರ ಅದೊಂದೇ, ಮಗಳಿಗೆ ಕಲಿಸಿದ್ದೂ ಅದನ್ನೇ. ಹಾಗಾಗಿ ಮಗಳು ತನ್ನ ಅಚ್ಚ ಕನ್ನಡದ ಕಥೆಯನ್ನು ಉರ್ದು ಅಕ್ಷರದಲ್ಲಿ, ಕೆಟ್ಟುಹೋದ ಅರ್ಜಿಗಳ ಹಿಂಬದಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದರು. ನಿಜಾಮರ ಆಳ್ವಿಕೆ ಮುಗಿದು ಶಾಲೆಗಳಿಗೆ ಕನ್ನಡ ಬಂದ ಹೊಸತು. ಎರಡೂ ಅಕ್ಷರ ಬಲ್ಲವನೆಂದು ನನ್ನನ್ನು ಕರೆಸಿದರು. ನಾನು ರವಿವಾರಕ್ಕೊಮ್ಮೆ ಲಿಂಗಸುಗೂರಿನಿಂದ ಮಸ್ಕಿಗೆ ಹೋಗುತ್ತಿದ್ದೆ. ಪಡಸಾಲೆಯಲ್ಲಿ ತಂದೆಯ ಎದುರಿಗೇ ಅವರು ಓದುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಹಾಗೇ ಹನ್ನೊಂದು ಅಧ್ಯಾಯ ಮುಗಿದವು.

ಅವರು ಆಗ ತೌರಿನಲ್ಲಿದ್ದರು. ಸಾಲಗುಂದದ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಆ ಹೆಂಗಸು ಬಿಟ್ಟುಹೋದ ಮೇಲೆ, ಇವರನ್ನು ಕರೆದೊಯ್ಯಲು ಹಿರಿಯರು ಮೇಲಿಂದ ಮೇಲೆ ಬರುತ್ತಿದ್ದರು. ಗಂಡ ಮಾತ್ರ ಒಮ್ಮೆಯೂ ಬರಲಿಲ್ಲ. ಹೋಗುತ್ತೀಯೋ ಇಲ್ಲವೋ ಎಂದು ತಂದೆ ಕೇಳಿದರೆ ಮಗಳು, “ಕಾದಂಬರಿ ಮುಗೀಲೆಪ್ಪಾ, ಅದರಾಗ ಹೇಳ್ತೀನಿ” ಅನ್ನುತ್ತಿದ್ದರು. ದಿನ ದೂಡುವ ಮಾತೆಂದು ನಾನು ತಿಳಿದಿದ್ದೆ. ಕಾಗದದ ಮೇಲಿನ ಮಾತನ್ನೇ ನಂಬಿ ಬದುಕಿದ ವೀರಭದ್ರಪ್ಪನವರು ಅದಕ್ಕೆ ಒಪ್ಪಿದ್ದರು.

ಹನ್ನೆರಡನೆಯ ಅಧ್ಯಾಯದ ಹೊತ್ತಿಗೆ ಶರಣಮ್ಮನವರಿಗೆ ಜ್ವರ. ಒಂಬತ್ತು ಹಾಳೆ ನನ್ನ ಕೈಗಿಟ್ಟು, “ನೀವೊಬ್ಬರ ಕುಂತು ನಕಲು ಮಾಡ್ರಿ ಮಾಸ್ತರ. ನನ್ನ ಜವಾಬು ಇದರಾಗ ಐತಿ” ಎಂದರು. ಲೇಖಕರು ತಮ್ಮ ಬರಹದ ಬಗ್ಗೆ ಹೀಗೆಲ್ಲ ಭಾರವಾಗಿ ಮಾತಾಡುತ್ತಾರೆ ಎಂದುಕೊಂಡು ನಾನು ತಲೆಯಾಡಿಸಿ ಬಂದೆ.

ಮನೆಯಲ್ಲಿ ಕೂತು ಓದಿದೆ. ನೆರಳು ಹೊಲಿದು ಮುಗಿದಿದೆ. ರಾಜಕುಮಾರ ಬಿಸಿಲಲ್ಲಿ ನಿಂತು ನಿಂಗಿಯನ್ನು ಅರಮನೆಗೆ ಕರೆಯುತ್ತಾನೆ. ಅವಳು ಹೋಗುವುದಿಲ್ಲ. “ಮೊದಲ ನೀ ನನ್ನ ಮನ್ಯಾಗ ಒಂದು ವರ್ಷ ಇರು. ಸೂಜಿಗೆ ದಾರ ಪೋಣಿಸಿ ಕೊಡು. ಆಮ್ಯಾಲ ಹೇಳ್ತೀನಿ” ಅನ್ನುತ್ತಾಳೆ. ರಾಜಕುಮಾರ ಹೊಸ್ತಿಲ ಮೇಲೆ ಕೂತು ದಾರ ಹಿಡಿಯುತ್ತಾನೆ. ಕತ್ತಲಾಗುತ್ತದೆ. ದಾರ ಇನ್ನೂ ಸೂಜಿಯ ಕಣ್ಣಿಗೆ ಬಿದ್ದಿರುವುದಿಲ್ಲ. ಕಥೆ ಮುಗಿಯಿತು.

ನನಗೆ ಸಿಟ್ಟೇ ಬಂತು. ಮದುವೆ ಇಲ್ಲ, ಅರಮನೆ ಇಲ್ಲ, ಇದೆಂಥ ಅಜ್ಜಿಕಥೆ? ಇಷ್ಟು ಚೆಂದದ ಕೌದಿಯ ಅಂಚನ್ನು ಮಡಚದೆ ಬಿಟ್ಟಿದ್ದಾಳಲ್ಲ ಈ ಹೆಣ್ಣುಮಗಳು, ಬರವಣಿಗೆ ಹೊಸದು, ತಿಳಿಯಲಿಲ್ಲ — ಹೀಗೆ ಅಂದುಕೊಂಡೆ. ಹಾಳೆಗಳನ್ನು ಬದಿಗಿಟ್ಟು ನಾನೇ ಬರೆದೆ. ಮೇನೆ ಬಂತು, ನಿಂಗಿ ಕೂತಳು, ಅರಮನೆಯ ಬಾಗಿಲಲ್ಲಿ ಆರತಿ ಬೆಳಗಿದರು, ಇಬ್ಬರ ನೆರಳೂ ಒಂದಾದವು. ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ವೀರಭದ್ರಪ್ಪನವರು ಅಂಗಳದಲ್ಲಿ ಓದಿಸುವುದಕ್ಕೆ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟದ ನಂತರ ಇಪ್ಪತ್ತು ಜನ ಸೇರಿದರು, ಸಾಲಗುಂದದ ಹಿರಿಯರೂ ಬಂದು ಕಂಬಕ್ಕೆ ಒರಗಿ ಕೂತರು. ನಮ್ಮ ಕಡೆ ಕಥೆ ಹೇಳುವವನಿಗೆ ಹ್ಞೂಂ ಅನ್ನುವವರೊಬ್ಬರು ಬೇಕೇ ಬೇಕು. ಹ್ಞೂಂ ನಿಂತರೆ ಕಥೆ ನಿಲ್ಲಬೇಕು. ಕೇಳುವವರು ನಿದ್ದೆ ಹೋಗಿದ್ದಾರೆ, ಇಲ್ಲವೇ ಕಥೆ ದಾರಿ ತಪ್ಪಿದೆ ಎಂದು ಅರ್ಥ. ಅವತ್ತು ಹ್ಞೂಂ ಅನ್ನಲು ಶರಣಮ್ಮನವರೇ ಬಾಗಿಲ ಹತ್ತಿರ ಕೂತರು. ಜ್ವರ ಬಿಟ್ಟಿತ್ತು, ದನಿ ಇನ್ನೂ ಸಣ್ಣಗಿತ್ತು.

ಹನ್ನೊಂದು ಅಧ್ಯಾಯದುದ್ದಕ್ಕೂ ಆ ಹ್ಞೂಂ ತಪ್ಪಲಿಲ್ಲ. ಹನ್ನೆರಡನೆಯದರಲ್ಲಿ ಮೇನೆ ಬಂತು — ಹ್ಞೂಂ ನಿಂತಿತು.

ನಾನು ನಿಲ್ಲಿಸಬೇಕಾಗಿತ್ತು. ಮೂರು ವರ್ಷದ ಮಗುವಿಗೂ ಗೊತ್ತಿರುವ ರೀತಿ ಅದು. ತಲೆ ಎತ್ತದೆ ಓದಿದೆ. ನಿಂಗಿಯನ್ನು ಮೇನೆಯಲ್ಲಿ ಕೂಡಿಸಿದೆ, ಅರಮನೆ ಮುಟ್ಟಿಸಿದೆ, ಆರತಿ ಬೆಳಗಿಸಿದೆ. ಹ್ಞೂಂ ಇಲ್ಲದ ಅಂಗಳದಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಮುಗಿದಾಗ ಸಾಲಗುಂದದ ಹಿರಿಯರು ಮೊದಲು ಮಾತಾಡಿದರು. “ಭೇಷ್. ಹುಡುಗಿ ತನ್ನ ಮನಸಿನಾಗಿಂದು ತಾನ ಬರದಾಳ. ಇನ್ನೇನೈತಿ ವೀರಭದ್ರಪ್ಪಾರ?”

ಶರಣಮ್ಮನವರು ಎದ್ದು ನಿಂತರು. “ಮಾಸ್ತರ, ಇದು ನಾ ಬರದದ್ದೇನ್ರಿ?”

ಆಗ ನನಗೆ ಜವಾಬು ಅಂದರೆ ಏನೆಂದು ತಿಳಿಯಿತು: ನಿಂಗಿ ಮೇನೆ ಹತ್ತಿದರೆ ಶರಣಮ್ಮನವರು ಸಾಲಗುಂದಕ್ಕೆ ಹೊರಟಂತೆ. ಪೂರ್ತಿ ತಿಳಿಯಿತು. ತಿಳಿಯದೆ ಆಡಿದೆ ಎಂದು ಹೇಳುವ ದಾರಿ ನನಗಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಇಪ್ಪತ್ತು ಜನರೆದುರು, ಹೊಸ ಕನ್ನಡದ ಮಾಸ್ತರನೆಂದು ಹೆಸರಾದವನು, ಕದ್ದು ತಿದ್ದಿದವನೆನ್ನಿಸಿಕೊಳ್ಳಬೇಕೇ —

“ಹೌದ್ರಿ,” ಎಂದೆ. “ನೀವು ಬರದಂಗ ನಕಲು ಮಾಡೀನಿ.”

ವೀರಭದ್ರಪ್ಪನವರು ಕಚೇರಿಯ ಮನುಷ್ಯ. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. “ಅಸಲು ಹಾಳಿ ತರ್ರಿ ಮಾಸ್ತರ. ನಾ ಓದಿ ನೋಡ್ತೀನಿ,” ಎಂದರು.

“ಗೆದ್ದಲು ಹಿಡದು ಹೋದವ್ರಿ.”

ಅವರು ನನ್ನ ಕೈಯಿಂದ ನಕಲನ್ನೇ ತೆಗೆದುಕೊಂಡರು. ಅಸಲು ಇಲ್ಲದಿದ್ದರೆ ನಕಲೇ ನಡೆಯುತ್ತದೆ, ಅವರ ಜೀವಮಾನವೆಲ್ಲ ಅದೇ ಕಾನೂನು. ಅದರೆದುರು ಮಗಳ ಬಾಯಿಮಾತೂ ನಿಲ್ಲದು; ಶರಣಮ್ಮನವರು ಒಳಗೆ ನಡೆದರು. ಎಂಟು ದಿನದಲ್ಲಿ ಸಾಲಗುಂದಕ್ಕೆ ಹೋದರು. ಹಿರಿಯರು ಗಾಡಿ ಕಟ್ಟಿಸಿಕೊಂಡು ಬಂದಿದ್ದರು, ಅವತ್ತೂ ಗಂಡ ಬಂದಿರಲಿಲ್ಲ.

ಈಗ ಆ ರಾಜಕುಮಾರನ ವಿಷಯ. ಪತ್ರ ಬಂದ ದಿನ ಒಂಬತ್ತು ಹಾಳೆ ತೆಗೆದು ಮತ್ತೆ ಓದಿದೆ. ಹನ್ನೊಂದು ಅಧ್ಯಾಯ ಅವನನ್ನು ಸುಮ್ಮನೆ ಕೂರಿಸಿದ್ದು ದೋಷವಲ್ಲ. ಹನ್ನೆರಡನೆಯದರಲ್ಲಿ ಅವನ ಕೈಗೆ ದಾರ ಕೊಡುವುದಕ್ಕಾಗಿ ಹಾಗೆ ಕೂರಿಸಿದ್ದರು. ಅವನು ಮೊದಲ ಸಲ ಏನನ್ನಾದರೂ ಮಾಡುವುದೇ ಆ ಹೊಸ್ತಿಲ ಮೇಲೆ. ಅದನ್ನು ನಾನು ಕಿತ್ತು ಹಾಕಿದೆ. ಪುಸ್ತಕದ ದೊಡ್ಡ ದೋಷವೆಂದು ಮೇಲೆ ಅಷ್ಟು ಜೋರಾಗಿ ಬರೆದೆನಲ್ಲ, ಅದನ್ನು ಮಾಡಿದವನು ನಾನೇ. ಗಿಳಿ ಮತ್ತು ರಾಕ್ಷಸಿ ಮಾತ್ರ ಲೇಖಕಿಯ ಲೆಕ್ಕಕ್ಕೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಅಚ್ಚಿಗೆ ಒಪ್ಪಿಗೆ ಕೇಳುವ ನೆಪದಲ್ಲಿ ಹೋದ ವಾರ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸಾಲಗುಂದಕ್ಕೆ ಹೋದೆ. ಹಾಳೆಗಳು ಚೀಲದಲ್ಲೇ ಇದ್ದವು. ಶರಣಮ್ಮನವರು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಈ ಏಳು ವರ್ಷದಲ್ಲಿ ಏನಾದರೂ ಬರೆದಿರಾ ಎಂದು ಕೇಳಿದೆ. “ಯಾರ ಸಲುವಾಗಿ ಬರೀಲ್ರಿ?” ಎಂದರು. ಅಚ್ಚಿನ ವಿಷಯ ಹೇಳಿದಾಗ ಮೊರ ಕೆಳಗಿಟ್ಟು ನನ್ನನ್ನು ನೋಡಿದರು.

“ಹಾಕಿಸ್ರಿ ಮಾಸ್ತರ. ನನ್ನ ಹೆಸರು ಮಾತ್ರ ಬ್ಯಾಡ. ಕಡೀ ಮಾತು ಯಾರು ಆಡ್ಯಾರ, ಅವರ ಹೆಸರು ಹಾಕ್ರಿ.”

ಅವರಿಗೆ ಎಲ್ಲ ಗೊತ್ತಿತ್ತು. ಆ ಅಂಗಳದಲ್ಲಿ ಅವತ್ತೇ ಗೊತ್ತಿತ್ತು. ಚೀಲಕ್ಕೆ ಕೈ ಹಾಕಿದೆ — ಹಾಳೆ ಬೆರಳಿಗೆ ತಾಗಿತು — ಕೈ ಹಾಗೇ ಹೊರಗೆ ಬಂತು. ಹಾಗೇ ಎದ್ದು ಬಂದೆ. ಇದು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ಸಣ್ಣದೆಂದು ನಾನು ಹೇಳಲಾರೆ.

ರಾಯಚೂರಿನವರಿಗೆ ಈ ಬರಹವನ್ನೇ ಮುನ್ನುಡಿಯೆಂದು ಕಳಿಸುತ್ತಿದ್ದೇನೆ. ಜೊತೆಗೆ ಒಂಬತ್ತು ಹಾಳೆಯ ನಕಲು, ಒಂದು ಮಾತೂ ಬದಲಿಸದೆ. ಲೇಖಕಿ ಒಪ್ಪಿದರೆ ಅವರ ಹೆಸರಿನಲ್ಲಿ, ಆ ಕೊನೆಯೊಂದಿಗೆ ಅಚ್ಚಾಗಲಿ. ಒಪ್ಪದಿದ್ದರೆ ಅಚ್ಚಾಗುವುದೇ ಬೇಡ. ವೀರಭದ್ರಪ್ಪನವರು ಮಸ್ಕಿಯಲ್ಲೇ ಇದ್ದಾರೆ. ನಾಳೆ ಮೊದಲು ಅಸಲನ್ನು ಅವರ ಮುಂದಿಡುತ್ತೇನೆ. ಅವರು ಏನೆಂದರೂ ನಿಂತು ಕೇಳುತ್ತೇನೆ. ಅವರು ಬಂದರೆ ಅವರನ್ನೂ ಕರೆದುಕೊಂಡು ಸಾಲಗುಂದಕ್ಕೆ ಹೋಗುತ್ತೇನೆ.

ಶರಣಮ್ಮನವರೇ, ಕ್ಷಮೆ ಕೇಳುವುದಕ್ಕೆ ನಾನು ಬರುತ್ತಿಲ್ಲ. ಕೊಡಲು ನಿಮಗೆ ಮನಸ್ಸಿರಲಿಕ್ಕಿಲ್ಲ, ತೆಗೆದುಕೊಳ್ಳಲು ನನಗೂ ಯೋಗ್ಯತೆ ಇಲ್ಲ. ನಿಮ್ಮ ಹಾಳೆ ನಿಮ್ಮ ಕೈಗಿಡುತ್ತೇನೆ. ಅಕ್ಷರ ನಿಮ್ಮದೇ, ಓದುವುದಕ್ಕೆ ನಡುವೆ ಯಾವ ಮಾಸ್ತರನೂ ಬೇಕಾಗಿಲ್ಲ. ನಿಮ್ಮ ಮನೆಯವರು, ಆ ಹಿರಿಯರು, ಯಾರು ಯಾರು ಕೇಳಬೇಕೋ ಅವರನ್ನೆಲ್ಲ ಕರೆದು ನೀವೇ ಓದಿ. ನಾನು ಹೊಸ್ತಿಲ ಹೊರಗೆ ಕೂತಿರುತ್ತೇನೆ, ನೀವು ಓದಿ ಮುಗಿಸುವವರೆಗೂ ಹ್ಞೂಂ ಅನ್ನುತ್ತೇನೆ.