ಎಲೆಕ್ಷನ್ ಮುದ್ದೆ

ಬೆಳಕವಾಡಿಯ ದೇವಿರಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಬಸ್ಸು ತಡವಾದರೆ ಡ್ರೈವರಿಗೆ, ಕರೆಂಟು ಹೋದರೆ ಲೈನ್‌ಮ್ಯಾನಿಗೆ, ಮುದ್ದೆ ಗಂಟಾದರೆ ಸೊಸೆಗೆ. ಯಾರಿಗೂ ರಿಯಾಯಿತಿ ಇರಲಿಲ್ಲ. ಎಮ್ಮೆಲ್ಲೆ ಚಿಕ್ಕಬೋರಯ್ಯನವರ ಮುಂದೆ ಮಾತ್ರ ಬೆಣ್ಣೆಯಂತಾಗುತ್ತಿದ್ದಳು.

ಅದಕ್ಕೆ ಕಾರಣವೂ ಇತ್ತು. ಬೋರಯ್ಯ ಮೊದಲ ಸಲ ಓಟು ಕೇಳಲು ಬಂದಾಗ, ಕೇರಿಯ ಹುಡುಗನೆಂದು ಅವಳ ಮಾವ ಜಗಲಿಯಲ್ಲೇ ಎಲೆ ಹಾಕಿಸಿದ್ದರು. ಹೊಸ ಸೊಸೆ ದೇವಿರಮ್ಮ ಆ ಎಲೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಹಾಕಿ, "ಒಳಕ್ಕೆ ಬಾಣ್ಣ" ಅಂದಳು. ಮಾವ ಮಾತು ಬಿಟ್ಟರು. ಬೋರಯ್ಯ ಗೆದ್ದರು. ಅಂದಿನಿಂದ ನಾಮಪತ್ರ ಸಲ್ಲಿಸುವ ಮುನ್ನ ಅವಳ ಮನೆಯಲ್ಲಿ ಮುದ್ದೆ ಉಣ್ಣುವುದು, ಎಲ್ಲರೆದುರು "ನಿಂತ್ಕಳ್ಳಾ ತಂಗಿ?" ಎಂದು ಕೇಳುವುದು, ಅವಳು "ನಿಂತ್ಕಣ್ಣ, ಗೆದ್ದು ಬಾ" ಅನ್ನುವುದು ಪದ್ಧತಿಯಾಯಿತು. ಒಡಹುಟ್ಟಿದವರಿಲ್ಲದ ದೇವಿರಮ್ಮನಿಗೆ ಅವತ್ತು ತವರೇ ಮನೆಗೆ ಬಂದಷ್ಟು ಸಂಭ್ರಮ. ಎಲೆಕ್ಷನ್ನಿಗೆ ಮಾತ್ರ ಬರುವ ಅಣ್ಣ. ನಡುವೆ ಬರಲು ಎಮ್ಮೆಲ್ಲೆಗೆ ಪುರುಸೊತ್ತೆಲ್ಲಿ?

ಈ ಸಲವೂ ಬಂದರು. ಎಂಬತ್ತು ದಾಟಿದ ಕೈ ನಡುಗಿ ಸಾರು ಅಂಗಿಯ ಮೇಲೆ ಚೆಲ್ಲಿತು. ಮುದ್ದೆಯ ಮೊದಲ ತುತ್ತೇ ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಹಿಂದೆ ನಿಂತಿದ್ದ ಗುತ್ತಿಗೆದಾರ ಶಿವರಾಜು ಬೆನ್ನು ಸವರುವುದು ಬಿಟ್ಟು ಮೊಬೈಲು ಎತ್ತಿ ಹಿಡಿದು, "ನಮ್ಮಣ್ಣ ಇನ್ನೂ ಉಲಿ ಕಣ್ರಲೋ!" ಎಂದು ಕೂಗಿದ. ಎಂಥ ಭಂಡ ಜನ!

ಬೋರಯ್ಯ ನೀರು ಕುಡಿದು ಸುಧಾರಿಸಿಕೊಂಡರು. "ನಿಂತ್ಕಳ್ಳಾ ತಂಗಿ?"

ದೇವಿರಮ್ಮ ಅವರ ಅಂಗಿಯ ಮೇಲಿನ ಸಾರಿನ ಕಲೆ ನೋಡಿದಳು. ಬೇಡ ಅಂದರೆ ಈ ಅಣ್ಣ ಇನ್ನು ಯಾಕಾದರೂ ಈ ಹೊಸಿಲು ತುಳಿದಾನು? ನಿಲ್ಲು ಅಂದರೆ ಪ್ರಚಾರದ ಬಿಸಿಲಲ್ಲಿ ಇವನನ್ನು ಕೊಂದೇಬಿಡುತ್ತಾರೆ.

"ಬ್ಯಾಡ ಕಣಣ್ಣ," ಅಂದಳು. "ಸಾಕು ಬುಡು."

ಶಿವರಾಜು ಸಿಡುಕಿದ. "ಒಳ್ಳೆ ಒತ್ನಲ್ಲಿ ಇದೇನಮ್ಮ ಇಂಗಂತೀಯ?"

"ನೀ ಸುಮ್ಕಿರ್ಲಾ! ಜೀಪಲ್ಲಿ ನಿಲ್ಸ್ಕಂಡು ಊರೂರು ಸುತ್ತಿಸ್ತೀಯಲ್ಲ, ಅಣ್ಣ ಕುಸುದ್ರೆ ನೀನ್ ಇಡ್ಕಂತೀಯಾ? ನಿಂಗೆ ಬೇಕಿರೋದು ರೋಡಿನ ಕೆಲ್ಸ. ನಂಗೆ ಬೇಕಿರೋದು ಅಣ್ಣ."

ಬೋರಯ್ಯ ಕೈ ತೊಳೆದು ಕಾರು ಹತ್ತಿದರು. ಅವರು ಚುನಾವಣೆಗೆ ನಿಲ್ಲುವುದಿಲ್ಲ ಎಂಬ ಸುದ್ದಿ ಟಿವಿಯಲ್ಲಿ ಬಂದಾಗ ದೇವಿರಮ್ಮನಿಗೆ ನೆಮ್ಮದಿಯಾಯಿತು. ಆಮೇಲೆ ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತಳು. ಅಣ್ಣ ಉಳಿದ, ಆದರೆ ತನಗೆ ಉಳಿಯಲಿಲ್ಲ ಅನ್ನುವ ಸಂಕಟ ಅವಳದು.

ಎಲೆಕ್ಷನ್ ಮುಗಿದು, ಜನ ಹೊಸ ಎಮ್ಮೆಲ್ಲೆಯನ್ನು ಬೈಯಲು ಶುರುಮಾಡಿದ್ದರು. ಒಂದು ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. ಇಳಿದವರು ಬೋರಯ್ಯ, ಒಬ್ಬರೇ. ಸೀದಾ ಬಂದು ಗೋಡೆಗೊರಗಿ ಕೂತು, "ಒಟ್ಟೆ ಅಸೀತದೆ ಕಣವ್ವ" ಅಂದರು.

ದೇವಿರಮ್ಮ ಕಂಗಾಲಾದಳು. ಹಿಂದೆಲ್ಲ ಅವರು ಬರುವ ದಿನ ನಾಟಿಕೋಳಿ ಸಾರು ಘಮಘಮ ಅನ್ನುತ್ತಿತ್ತು. "ಮೊದ್ಲೇ ಯೋಳ್ಬಾರ್ದಾ ಅಣ್ಣ? ಕೋಳಿ ಕುಯ್ದಿಲ್ಲ. ಬರೀ ಉಪ್ಸಾರು."

ಬೋರಯ್ಯ ನಕ್ಕರು. "ಮನೇ ಜನಕ್ಕೆ ಯಾರವ್ವ ಕೋಳಿ ಕುಯ್ತಾರೆ? ಇಕ್ಕು."