ಲಟ್ಟಣಿಗೆ ಕಚ್ಚಿ ಮೋಟಾರು ಕೇಳುತ್ತಿದ್ದ ಭಾವನವರು

ಭಾವನವರು ಮೋಟಾರಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಕೊರಳ ಲಿಂಗದ ಕರಡಿಗೆಯನ್ನು ಬೆನ್ನ ಮೇಲಕ್ಕೆ ಸರಿಸಿ, ಲಟ್ಟಣಿಗೆಯ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಮುಂಬಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅವರ ಕೆನ್ನೆಯ ಮಾಂಸ ಸಣ್ಣಗೆ ಅದುರುತ್ತಿದ್ದುದು ಅಡಿಗೆಮನೆಯ ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿತ್ತು. ಲಟ್ಟಣಿಗೆ ಚನ್ನಪಟ್ಟಣದ್ದು, ಹಳದಿ ಅರಗಿನ ಮೇಲೆ ಎರಡು ಕೆಂಪು ಬಳೆ ಎಳೆದದ್ದು, ಅಕ್ಕನ ಮದುವೆಯಲ್ಲಿ ಕೊಟ್ಟದ್ದು.

"ಹಬ್ಬದ ದಿನ ಕರ್ಜಿಕಾಯಿ ಲಟ್ಟಿಸಾನ ಅಂದ್ರೆ ಲಟ್ಟಣಿಗೇನೇ ಇರಾಕಿಲ್ಲ. ಇದ್ರೂ ಪೆಟ್ರೋಲು ನಾತ" ಎಂದು ಅಕ್ಕ ಬೈಯುತ್ತಿದ್ದರು.

"ಒಸಿ ತಡಿಯೇ, ಹೊಟ್ಟೆನೋವು ಎಲ್ಲೈತೆ ಅಂತ ಹೇಳ್ತಾ ಐತೆ ಇದು" ಎನ್ನುವರು ಭಾವನವರು, ಕಚ್ಚಿದ ಬಾಯಲ್ಲೇ.

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಅಕ್ಕ ಅವರ ಹೆಂಡತಿ, ನನ್ನ ಓರಗಿತ್ತಿ. ಮೈಸೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದ ನನ್ನನ್ನು ಮದುವೆ ಮಾಡಿ ಕನಕಪುರಕ್ಕೆ ಕಳಿಸಿದಾಗ ಆ ಊರನ್ನು ಇನ್ನೂ ಕಾನಕಾನಹಳ್ಳಿ ಎನ್ನುತ್ತಿದ್ದರು. ರಾಮನಗರ ಆಗ ಕ್ಲೋಸ್‌ಪೇಟೆ. ಮನೆಯಲ್ಲಿ ಅತ್ತೆ ಇರಲಿಲ್ಲ. ಅಂಗಡಿಯನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಿದ್ದರು, ಹೊಲವನ್ನು ಭಾವನವರು. ನಾನು ಹೋದ ವರ್ಷವೇ ಹಿತ್ತಿಲಿಗೆ ಆ ಮೋಟಾರು ಬಂತು. ಯಾರೋ ಇಂಗ್ಲಿಷ್ ದೊರೆ ಕೆಟ್ಟಿತೆಂದು ಕ್ಲೋಸ್‌ಪೇಟೆಯಲ್ಲೇ ಬಿಟ್ಟುಹೋದದ್ದು. ಅದನ್ನು ಎಳೆದು ತಂದದ್ದು ಪಕ್ಕದ ಮನೆಯ ಗಾಡಿಯವನ ಜೋಡಿ ಎತ್ತು.

ಆ ಗಾಡಿಯವನಿಗೆ ಅಂದಿನಿಂದ ಬೇರೆ ಕೆಲಸವೇ ಇಲ್ಲದಂತಾಯಿತು. ಬೇಲಿಯ ಮೇಲೆ ಮುಖವಿಟ್ಟು, "ಅಣ್ಣೋ, ಅದುಕ್ಕೆ ಹುಲ್ಲು ಹಾಕ್ದಾ? ಸೊರಗ್ಬುಟ್ಟದೆ" ಎನ್ನುವನು.

"ನಿನ್ ಎತ್ತು ಮುದಿಯಾದ್ಮ್ಯಾಕೆ ನನ್ತಾವೇ ಬತ್ತೀಯ ಕಣ್ಲಾ, ಕೂರಿಸ್ಕಂಡು ಹೋಯ್ತೀನಿ."

"ಎತ್ತು ಎಳ್ಕಂಡು ಬಂದ ಮೋಟಾರು, ನನ್ನ ಎಳ್ಕಂಡು ಹೋದದಾ?"

ಭಾವನವರು ನಗುತ್ತಿದ್ದರು. ಆ ಮೋಟಾರು ಯಾತಕ್ಕೆ ಬಂದಿದೆಯೆಂದು ಗಾಡಿಯವನಿಗೆ ಗೊತ್ತಿರಲಿಲ್ಲ. ನನಗೂ ಅಕ್ಕ ಹೇಳಿದ ಮೇಲೆಯೇ ತಿಳಿದದ್ದು. ಅಕ್ಕನಿಗೆ ಎರಡು ಕೂಸು ಹೋಗಿದ್ದವು. ಮೊದಲನೆಯ ಸಲ ಎಂಟು ತಿಂಗಳಲ್ಲಿ ಗಾಡಿ ಕಟ್ಟಿ ಕ್ಲೋಸ್‌ಪೇಟೆಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಗೆ ಎಂದು ಹೊರಟಿದ್ದರಂತೆ. ಕಲ್ಲುದಾರಿಯ ಕುಲುಕಾಟಕ್ಕೆ ಗಾಡಿಯಲ್ಲೇ ಎಲ್ಲ ಮುಗಿದುಹೋಯಿತು. ಎರಡನೆಯ ಸಲ ಕುಲುಕಾಟವೇ ಬೇಡವೆಂದು ಮನೆಯಲ್ಲೇ ಉಳಿದರೆ, ಕೂಸು ಅಡ್ಡವಾಗಿ, ಸೂಲಗಿತ್ತಿ ಕೈಚೆಲ್ಲಿದಳು. ಇನ್ನೊಂದು ಸಲ ಆಸ್ಪತ್ರೆಯಲ್ಲಲ್ಲದೆ ಹೆರಬಾರದೆಂದು ಆ ಆಸ್ಪತ್ರೆಯ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಹೋಗಲೇಬೇಕು, ಹೊಟ್ಟೆಯ ನೀರು ಅಲುಗದಂತೆ ಹೋಗಬೇಕು. ಅದಕ್ಕೇ ಮೋಟಾರು.

ಭಾವನವರು ಅದರ ಹಿಂದಿನ ಸೀಟುಗಳನ್ನು ಕಿತ್ತರು. ಹಿಂಭಾಗವನ್ನು ಗರಗಸದಿಂದ ಕೊಯ್ದು, ಹಲಗೆ ಜೋಡಿಸಿ, ನಾಲ್ಕು ಗೂಟ ನಿಲ್ಲಿಸಿ, ಮೇಲೆ ಬಿದಿರು ತಟ್ಟಿಯ ಮಾಡು ಹಾಕಿದರು. ಆ ಗೂಟಗಳಿಗೆ ಹಗ್ಗದ ಮಂಚವೊಂದನ್ನು ತೊಟ್ಟಿಲಿನಂತೆ ತೂಗುಹಾಕಿದರು. ನೀರು ತುಂಬಿದ ಕೊಡವನ್ನು ಮಂಚದ ಮೇಲಿಟ್ಟು ಮೋಟಾರನ್ನು ಹಿತ್ತಿಲ ತುಂಬ ತಳ್ಳಿಸುವರು. ನೀರು ತುಳುಕಿತೋ, ಹಗ್ಗ ಬಿಚ್ಚಿ ಮತ್ತೆ ಕಟ್ಟುವರು. ಕೊನೆಗೊಂದು ದಿನ ಕೊಡ ತುಳುಕದೆ ಬಾವಿಯಿಂದ ಹುಣಿಸೆ ಮರದವರೆಗೆ ಹೋಯಿತು. ಅವರು ಆ ನೀರನ್ನು ಚೆಲ್ಲಲಿಲ್ಲ, ಬೊಗಸೆಯಲ್ಲಿ ಕುಡಿದರು.

ಮೋಟಾರಿನ ಜೊತೆ ಇಂಗ್ಲಿಷಿನ ಪುಸ್ತಕವೊಂದು ಬಂದಿತ್ತು. ಅದನ್ನು ಓದುವವಳು ನಾನು. ಆದರೆ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಬಾಗಿಲ ಹಿಂದೆ ಕೂತು ಓದಿ, ಕನ್ನಡದಲ್ಲಿ ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಅದನ್ನೇ ಗಂಡನಿಗೆ ಕೂಗಿ ಹೇಳುವರು. ನನ್ನ ದನಿ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಅಕ್ಕ ಹೇಳುವವರೆಗೆ ಕೈ ಅಲುಗಿಸುತ್ತಿರಲಿಲ್ಲ.

"ಗಾಲಿಯ ನಡುವಿನ ಗುಂಭದಲ್ಲಿ ಯಾವಾಗಲೂ ಎಣ್ಣೆಜಿಡ್ಡು ತುಂಬಿರಬೇಕಂತೆ" ಎಂದು ನಾನು.

"ಗುಂಭದಲ್ಲಿ ಜಿಡ್ಡಿರ್ಬೇಕಂತೆ" ಎಂದು ಅಕ್ಕ.

"ಒಳಗಿರೋರ್ನ ಕೇಳು, ಎಷ್ಟು ದಿನಕ್ಕೊಂದ್ಸಲ ಅಂತ ಬರೆದವ್ನೆ?"

ಹೀಗೆ ಮೂವರೂ ಸೇರಿ ಆ ಮೋಟಾರನ್ನು ಓಡುವಂತೆ ಮಾಡಿದೆವು. ಹ್ಯಾಂಡಲು ತಿರುಗಿಸಲು ಅದು ಮೊದಲ ಸಲ ಗುಡುಗಿದಾಗ ಕೋಳಿಗಳೆಲ್ಲ ಮಾಡಿಗೆ ಹಾರಿದವು. ಗಾಡಿಯವನು ಬೇಲಿಯ ಮೇಲಿನ ಮುಖವನ್ನು ಇಳಿಸಿಬಿಟ್ಟ.

ಅಷ್ಟರಲ್ಲಿ ಅಕ್ಕನಿಗೆ ಮತ್ತೆ ದಿನ ನಿಂತಿತ್ತು. ಐದೋ ಆರೋ ತಿಂಗಳಿರಬೇಕು, ಒಂದು ಮಧ್ಯಾಹ್ನ ಅಕ್ಕ ತಮಾಷೆಗೆ, "ಆ ಇಂಜಿನ್ನು ಸಾಕು, ಇದುಕ್ಕೆ ಒಸಿ ಕೋಲಿಟ್ಟು ನೋಡಿ" ಎಂದರು. ಭಾವನವರು ಸುತ್ತ ನೋಡಿದರು. ನಾನು ಅಡಿಗೆಮನೆಯಲ್ಲಿದ್ದುದು ಅವರಿಗೆ ಕಾಣಲಿಲ್ಲ. ಲಟ್ಟಣಿಗೆಯನ್ನು ಸೆರಗಿನಿಂದ ಒರೆಸಿಕೊಟ್ಟರು ಅಕ್ಕ. ಭಾವನವರು ಮೊಣಕಾಲೂರಿ, ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಕಚ್ಚಿದರು, ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

"ಏನಂತದೆ?"

"ಓಡ್ತಾ ಐತೆ ಕಣೇ" ಎಂದರು. "ಒಂದೇ ಸಮ್ನೆ ಓಡ್ತಾ ಐತೆ."

ಆ ವರ್ಷ ಬಿಸಿಲು ಜೋರಾಗಿತ್ತು. ಮೋಟಾರಿನ ಗಾಲಿಗಳು ಮರದವು. ಒಣಗಿ, ಅರದ ಕಡ್ಡಿಗಳು ಸಡಿಲಗೊಂಡು ಕಿರುಗುಟ್ಟತೊಡಗಿದವು. ಗಾಡಿಯ ಗಾಲಿ ಹೀಗಾದರೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ: ಗಾಡಿಯನ್ನು ಕೆರೆಗಿಳಿಸಿ ಬಿಡುತ್ತಾರೆ. ಮರ ನೀರು ಕುಡಿದು ಊದಿ ಬಿಗಿಯಾಗುತ್ತದೆ. ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಗಾಡಿಯವನಂತೂ ತಾನೇ ಮುಂದೆ ನಿಂತು ದಾರಿ ತೋರಿಸಿದ. ಮೋಟಾರು ಒಂದು ಹಗಲು ಒಂದು ರಾತ್ರಿ ಎಮ್ಮೆಗಳ ಜೊತೆ ಕೆರೆಯಲ್ಲಿ ನಿಂತಿತ್ತು. ಮೇಲೆ ಬಂದಾಗ ಅರಗಳು ಕಲ್ಲಿನ ಹಾಗೆ ಬಿಗಿದಿದ್ದವು. ಭಾವನವರು ಗುಂಭದ ಮುಚ್ಚಳ ತೆಗೆದು, ಗಾಡಿಗೆ ಬಿಡುವಂತೆಯೇ ಹರಳೆಣ್ಣೆಯ ಕೀಲೆಣ್ಣೆ ತುಂಬಿದರು. ಗುಂಭದ ಒಳಗೆ, ಗಾಲಿ ತಿರುಗಿಸುವ ಉಕ್ಕಿನ ಗುಂಡುಗಳ ನಡುವೆ, ಕೆರೆಯ ಗೋಡುಮಣ್ಣು ಕೂತಿದ್ದುದು ಯಾರಿಗೆ ಕಾಣಬೇಕು? ಆ ಪುಸ್ತಕದಲ್ಲಿ ಕೆರೆಯ ಮಾತೇ ಇರಲಿಲ್ಲ. ಮೋಟಾರನ್ನು ಕೆರೆಯಲ್ಲಿ ನಿಲ್ಲಿಸುವ ಜನ ಇದ್ದಾರೆಂದು ಅದನ್ನು ಬರೆದವರಿಗೆ ಹೇಗೆ ತಿಳಿಯಬೇಕು?

ಎಂಟನೆಯ ತಿಂಗಳಲ್ಲಿ ಹೊರಟೆವು. ಬೆಳಿಗ್ಗೆ ರೊಟ್ಟಿ ತಿಂದು, ಕಬ್ಬಾಳಮ್ಮನಿಗೆ ಮುಡಿಪು ಕಟ್ಟಿ, ಅಕ್ಕನನ್ನು ಮಂಚದ ಮೇಲೆ ಮಲಗಿಸಿ ನಾನು ಪಕ್ಕದಲ್ಲಿ ಕೂತೆ. ಮಂಚ ತೂಗುತ್ತಿತ್ತು. "ಉಯ್ಯಾಲೆ ಕಣವ್ವ, ನಿದ್ದೆ ಬತ್ತದೆ" ಎಂದು ಅಕ್ಕ ನಕ್ಕರು. ಭಾವನವರು ಮುಂದೆ ಕೂತು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಅರ್ಧ ದಾರಿ ಕಳೆದು, ಕ್ಲೋಸ್‌ಪೇಟೆಯ ಬಂಡೆಗುಡ್ಡಗಳು ಎದ್ದು ಕಾಣುವಲ್ಲಿ ಹಿಂದಿನ ಗಾಲಿಯಿಂದ ಸುಟ್ಟ ಹರಳೆಣ್ಣೆಯ ವಾಸನೆ ಬಂತು. ಅವರು ನಿಲ್ಲಿಸುವಷ್ಟರಲ್ಲಿ ಗಾಲಿ ಕಿರುಚಿ ಹಿಡಿದುಕೊಂಡಿತು. ಮೋಟಾರು ಸುತ್ತಿ ರಸ್ತೆಯ ಪಕ್ಕದ ಹಳ್ಳಕ್ಕೆ ಜಾರಿತು. ತೂಗುತ್ತಿದ್ದ ಮಂಚ ತೂಗಿದ ರಭಸದಲ್ಲೇ ಹೋಗಿ ಗೂಟಕ್ಕೆ ಬಡಿಯಿತು.

ಅಕ್ಕ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕೋಲಿಟ್ಟು ನೋಡಿ" ಎಂದರು.

ಲಟ್ಟಣಿಗೆ ಸೀಟಿನ ಕೆಳಗಿತ್ತು. ಭಾವನವರು ಈ ಸಲ ನಾನಿರುವುದನ್ನು ನೋಡಲೂ ಇಲ್ಲ. ಇಟ್ಟರು, ಕಚ್ಚಿದರು. ಬೇರೆ ಕಡೆ ಇಟ್ಟರು. ಮತ್ತೆ ಬೇರೆ ಕಡೆ.

"ಏನಂತದೆ?"

"ಗಾಳಿ ಬೀಸ್ತಾ ಐತೆ" ಎಂದರು. "ಏನೂ ಕೇಳಾಕಿಲ್ಲ."

ರಸ್ತೆಯ ಬದಿಯ ಹೊಂಗೆಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಎದುರಿಗೆ ಬಂದ ಸೌದೆ ಗಾಡಿಯವರು ಸೌದೆಯನ್ನು ಅಲ್ಲೇ ಚೆಲ್ಲಿ ಅಕ್ಕನನ್ನು ಮಲಗಿಸಿಕೊಂಡರು. ಕ್ಲೋಸ್‌ಪೇಟೆ ಸೇರುವ ಮೊದಲೇ ಕೂಸು ಬಂತು. ಗಂಡು. ಅಳಲಿಲ್ಲ. ಅಕ್ಕ ಉಳಿದರು, ಇನ್ನು ಮಕ್ಕಳಾಗುವುದಿಲ್ಲವೆಂದು ಡಾಕ್ಟರಮ್ಮ ಹೇಳಿದರು.

ಮೋಟಾರನ್ನು ಅವೇ ಎತ್ತುಗಳು ಎಳೆದು ತಂದವು. ಗಾಡಿಯವನು ನೊಗ ಬಿಚ್ಚಿ, ತಲೆ ಬಗ್ಗಿಸಿ ಹೊರಟುಹೋದ. ಅವನು ಮತ್ತೆ ಒಂದು ದಿನವೂ ಬೇಲಿಯ ಮೇಲಿಂದ ಗೇಲಿ ಮಾಡಲಿಲ್ಲ. "ಅವ್ನಾದ್ರೂ ಏನಾದ್ರೂ ಅಂದಿದ್ರೆ ಆಗಿತ್ತು" ಎಂದು ಭಾವನವರು ಅಕ್ಕನೊಡನೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಕ್ಕ ಅವರನ್ನು ಒಂದು ಮಾತೂ ಬೈಯಲಿಲ್ಲ. ಲಟ್ಟಣಿಗೆ ವಿಚಾರಕ್ಕೂ ಬೈಯುವುದನ್ನು ನಿಲ್ಲಿಸಿಬಿಟ್ಟರು. ತೊಳೆದು ಗೂಡಿನಲ್ಲಿಟ್ಟರು, ಹಬ್ಬಕ್ಕೆ ಕರ್ಜಿಕಾಯಿ ಮಾಡುವುದೂ ನಿಂತಿತು. ಭಾವನವರು ಹಿತ್ತಿಲ ಬಾಗಿಲಿನಿಂದ ಓಡಾಡುವುದನ್ನೇ ಬಿಟ್ಟರು. ಮೋಟಾರಿನ ಮಾಡಿನ ತಟ್ಟಿಯಲ್ಲಿ ಕೋಳಿಗಳು ಮೊಟ್ಟೆಯಿಟ್ಟವು.

ನನಗೆ ದಿನ ನಿಂತದ್ದು ಅದಾದ ನಾಲ್ಕಾರು ವರ್ಷಕ್ಕೆ. ಅಷ್ಟು ವರ್ಷ ಮುಟ್ಟದಿದ್ದ ಮೋಟಾರಿನ ಕೆಳಗೆ ಭಾವನವರು ಮತ್ತೆ ಮಲಗಿದರು. ಅದರ ಕುಲುಕು ತಡೆಯುವ ಉಕ್ಕಿನ ಪಟ್ಟಿಗಳನ್ನು ಕಳಚಿ ಗಾಡಿಯವನ ಗಾಡಿಗೆ ಕೂಡಿಸಿದರು. ತೂಗುಮಂಚ ಹಾಕಲಿಲ್ಲ, ಹುಲ್ಲು ಹಾಸಿ ಮೇಲೆ ಎರಡು ಹಾಸಿಗೆ ಹಾಸಿದರು. ನನ್ನನ್ನೂ ಅಕ್ಕನನ್ನೂ ಕೂರಿಸಿ ಗಾಡಿ ಹೊರಟಿತು. ಭಾವನವರು ಹತ್ತಲಿಲ್ಲ. ಕ್ಲೋಸ್‌ಪೇಟೆಯವರೆಗೂ ಎತ್ತುಗಳ ಮುಂದೆ ನಡೆದರು. ಬಗ್ಗುವರು, ಜಾಡಿನಲ್ಲಿದ್ದ ಕಲ್ಲು ಎತ್ತಿ ಬದಿಗೆ ಹಾಕುವರು, ಮತ್ತೆ ನಡೆಯುವರು, ಮತ್ತೆ ಬಗ್ಗುವರು. "ಸಾಕು ಹತ್ತಣ್ಣೋ" ಎಂದು ಗಾಡಿಯವನು ಅಂಗಲಾಚಿದ. ಅವರು ಇನ್ನೊಂದು ಕಲ್ಲಿಗೆ ಬಗ್ಗಿದರು. ಆ ಹೊಂಗೆಮರದ ಹತ್ತಿರ ಮಾತ್ರ, ಏನೂ ಇಲ್ಲದ ನುಣುಪು ದಾರಿಯಲ್ಲಿ ಸುಮ್ಮನೆ ಕೂತು, ಅಂಗೈಯಿಂದ ಮಣ್ಣನ್ನು ಸವರಿ ಎದ್ದರು. ಸ್ಟೇಷನ್ನಿನಲ್ಲಿ ನನ್ನ ಕಡೆ ನೋಡದೆ ಅಕ್ಕನಿಗೆ, "ಹುಷಾರಾಗಿ ಹೋಗ್ಬುಟ್ಟು ಬರ್ಲಿ" ಎಂದರು.

ನನ್ನ ಮಗ ಆ ದಾರಿಯಿಂದ ಉಳಿದು ಬಂದವನು. ಭಾವನವರು ಅವನನ್ನು ಎತ್ತಿಕೊಳ್ಳಲಿಲ್ಲ. ತೊಟ್ಟಿಲು ತೂಗುವಾಗ ಎದ್ದು ಹೊರಗೆ ಹೋಗುತ್ತಿದ್ದರು. ಅವರಿಗೆ ನಾನು ಒಂದು ಮಾತನ್ನಾದರೂ ನೇರವಾಗಿ ಹೇಳಬೇಕಿತ್ತು, ಪದ್ಧತಿ ಬಿಡಲಿಲ್ಲ. ಅಕ್ಕನ ಮೂಲಕ ಹೇಳಿಸಬಹುದಾದ ಮಾತೂ ಅದಾಗಿರಲಿಲ್ಲ.

ಮಗನಿಗೆ ಅಕ್ಷರಾಭ್ಯಾಸವಾದ ವರ್ಷ ಭಾವನವರು ಜ್ವರ ಹಿಡಿದು ಮಲಗಿದರು, ಏಳಲಿಲ್ಲ. ಒಂದು ಮಧ್ಯಾಹ್ನ ನಮ್ಮ ಯಜಮಾನರು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಗೋಡೆಗೆ ಮುಖ ಮಾಡಿ ನಿಂತರು. ಅಕ್ಕ ಎದ್ದು ಒಳಗೆ ಹೋದರು. ಗೂಡಿನಿಂದ ಲಟ್ಟಣಿಗೆ ತಂದು, ಸೆರಗಿನಿಂದ ಒರೆಸಿ, ಕರಡಿಗೆಯನ್ನು ಸರಿಸಿ ಗಂಡನ ಎದೆಯ ಮೇಲೆ ಊರಿದರು. ಅರಗು ಕಿತ್ತುಹೋಗಿ ಅವರ ಹಲ್ಲಿನ ಗುರುತು ಮೂಡಿದ್ದ ಆ ತುದಿಯನ್ನೇ ಕಚ್ಚಿ, ಕಣ್ಣು ಮುಚ್ಚಿದರು. ಯಾರೂ ಅವರನ್ನು ಬಿಡಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ಗಾಳಿ ಬೀಸ್ತಾ ಐತೆ ಕಣವ್ವ" ಎಂದರು. "ಏನೂ ಕೇಳಾಕಿಲ್ಲ."