ಬಾಲ್ಕನಿಯ ಕೆಮ್ಮು

ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಗಣಿತದ ಮೇಷ್ಟ್ರು ವಯಸ್ಸು ಐವತ್ತೆಂಟಾದರೂ ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಅಂಥವರು ಇದ್ದಕ್ಕಿದ್ದಂತೆ ಇ-ಸಿಗರೇಟ್ ಹಿಡಿದು, ಸಂಜೆ ಹೊತ್ತು ಬಾಲ್ಕನಿಯಲ್ಲಿ ಕಾಲೇಜು ಓದುವ, ಅದನ್ನೇ ಸೇದುವ ಮಗನ ಪಕ್ಕ ಕೂರತೊಡಗಿದರು. ಎರಡು ದಮ್ಮು ಎಳೆದರೆ ನಾಲ್ಕು ಸಲ ಕೆಮ್ಮು. ಎದೆ ನೀವಿಕೊಂಡು, ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, ಮತ್ತೆ ಎಳೆಯುತ್ತಿದ್ದರು.

"ಗಂಟಲು ಕೆರೆಯತ್ತೆ ಡಾಕ್ಟ್ರೇ. ಅಭ್ಯಾಸ ಆಗತ್ತೆ ಬಿಡಿ," ಎನ್ನುತ್ತಿದ್ದರು ನನಗೆ.

ಮಗ ಮನೆಯೊಳಗೆ ಇಂಗ್ಲಿಷಿನಲ್ಲಿ ಎರಡೇ ಮಾತಿಗೆ ಮುಗಿಸುವ ಹುಡುಗ. ಬಾಲ್ಕನಿಯಲ್ಲಿ ಮಾತ್ರ, ಅಪ್ಪ ಕೆಮ್ಮಿದಾಗಲೆಲ್ಲ "ಸ್ಲೋ ಅಪ್ಪಾ, ಸ್ಲೋ" ಎಂದು ನಗುತ್ತ ಬೆನ್ನು ಸವರುತ್ತಿದ್ದ. ಆಮೇಲೆ ಇಬ್ಬರೂ ಏನೇನೋ ಮಾತಾಡುತ್ತಿದ್ದರು. ನಮ್ಮ ಬಾಲ್ಕನಿಯಿಂದ ದಿನವೂ ಇದನ್ನು ನೋಡಿಯೂ ನನಗೆ ಕಂಡದ್ದು ಗಂಟಲೊಂದೇ.

ಒಂದು ಸಂಜೆ ತಡೆಯಲಾರದೆ ರೇಗಿದೆ. "ಈ ವಯಸ್ಸಲ್ಲಿ ಇದೇನು ಮೇಷ್ಟ್ರೇ?" ಎಂದವನು ಮಗನ ಕಡೆ ತಿರುಗಿ, "ಅಪ್ಪನ ಗಂಟಲು ಹಾಳು ಮಾಡ್ತಿದ್ದೀಯಲ್ಲೋ, ನಾಚಿಕೆ ಆಗಲ್ವಾ?" ಎಂದೆ.

ಹುಡುಗನ ಮುಖ ಕಪ್ಪಿಟ್ಟಿತು. ಅಪ್ಪನ ಕೈಯಿಂದ ಇ-ಸಿಗರೇಟನ್ನು ಮೆಲ್ಲಗೆ ತೆಗೆದುಕೊಂಡು, "ಸಾರಿ, ಅಂಕಲ್" ಎಂದು ಒಳಗೆ ಹೋದ.

ಹದಿನೈದು ದಿನ ಬಿಟ್ಟು ಅದೇ ಬಾಲ್ಕನಿಯಲ್ಲಿ ಟಾರ್ಚ್ ಹಿಡಿದು ಮೇಷ್ಟ್ರ ಗಂಟಲು ನೋಡಿದೆ. ಕೆಂಪು ಪೂರ್ತಿ ಇಳಿದಿತ್ತು. "ಇನ್ನು ಎಷ್ಟು ಬೇಕಾದ್ರೂ ಮಾತಾಡಿ," ಎಂದೆ, ಗೆದ್ದವನಂತೆ.

ಮೇಷ್ಟ್ರು ಬಾಯಿ ಮುಚ್ಚಿ ಪಕ್ಕದ ಖಾಲಿ ಕುರ್ಚಿಯತ್ತ ನೋಡಿದರು.

"ಅವನು ಈಗ ಇಲ್ಲಿಗೆ ಬರೋದೇ ಇಲ್ಲ ಡಾಕ್ಟ್ರೇ."